ಡೂಮ್ ಥರದ ಗೇಮ್‌ಗೆ ರಾಕ್ಷಸನ ಸ್ಪ್ರೈಟ್ ಮಾಡೋದು ಹೇಗೆ

ಹಳೇ ಶೂಟರ್ ಥರ ಗೇಮ್ ಮಾಡ್ತೀವಿ ಅಂತ ಹೊರಟ ಹುಡುಗರು ಆಗಾಗ ನಂಗೆ ತಮ್ಮ ರಾಕ್ಷಸನ ಸ್ಪ್ರೈಟ್, ಅಂದ್ರೆ ಗೇಮಲ್ಲಿ ಓಡಾಡೋ ಚಪ್ಪಟೆ ಚಿತ್ರ, ಕಳಿಸ್ತಾರೆ. ಚಿತ್ರ ನೋಡಿದ್ರೆ ಸೂಪರ್ ಇರುತ್ತೆ, ಗೇಮ್ ಒಳಗೆ ಬಿಟ್ಟ ತಕ್ಷಣ ಅಂಚಲ್ಲೆಲ್ಲ ಬಿಳಿ ಬಿಳಿ, ಮುಖ ಕಲಸಿಟ್ಟ ಮುದ್ದೆ, ನಡೆದ್ರೆ ಸೊಂಟ ಆ ಕಡೆ ಈ ಕಡೆ ಜಿಗಿಯುತ್ತೆ. ಬಹುತೇಕ ಎಲ್ರೂ ಕೆಡಿಸೋದು ಒಂದೇ ಕಡೆ, ದೊಡ್ಡ ಚಿತ್ರನ ಚಿಕ್ಕದು ಮಾಡೋವಾಗ. ಅದಕ್ಕೆ ಅದನ್ನೇ ವಿವರವಾಗಿ ಹೇಳ್ತೀನಿ, ಉಳಿದಿದ್ದೆಲ್ಲ ಬೇಗ ಬೇಗ.

1993ರ ಡಿಸೆಂಬರ್‌ನಲ್ಲಿ ಡೂಮ್ ಬಂದಾಗ ಸ್ಕ್ರೀನ್ ಅಂದ್ರೆ 320×200 ಪಿಕ್ಸೆಲ್, ಬಣ್ಣ ಒಟ್ಟು 256. ಡೂಮ್‌ನ ಚಿತ್ರಕಾರ ಏಡ್ರಿಯನ್ ಕಾರ್ಮ್ಯಾಕ್ ಮೊದಮೊದಲು ರಾಕ್ಷಸರನ್ನ ಕೈಯಲ್ಲೇ ಬಿಡಿಸ್ತಿದ್ರು, ಒಂದೇ ಆಕಾರನ ಎಲ್ಲಾ ದಿಕ್ಕಿಂದಲೂ ತಪ್ಪಿಲ್ಲದೆ ಬಿಡಿಸೋದು ತಲೆನೋವಾಗಿ ಜೇಡಿಮಣ್ಣಿನ ಗೊಂಬೆ ಮಾಡಿ ವಿಡಿಯೋ ಕ್ಯಾಮೆರಾದಲ್ಲಿ ಹಿಡಿಯೋಕೆ ಶುರು ಮಾಡಿದ್ರು. ಕೆಲವು ಗೊಂಬೆ ಗ್ರೆಗರ್ ಪಂಚಾಟ್ಸ್ ಮಾಡಿದ್ದು. ಹಿಡಿದ ಚಿತ್ರನ ಗೇಮ್ ಬಣ್ಣಕ್ಕೆ ಇಳಿಸೋಕೆ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಒಂದು ಟೂಲನ್ನೇ ಬರೆದ್ರು, ಹೆಸರು ಫಝಿ ಪಂಪರ್ ಪ್ಯಾಲೆಟ್ ಶಾಪ್. ಅಂದ್ರೆ ಚಿಕ್ಕದು ಮಾಡೋದೇ ದೊಡ್ಡ ಕೆಲಸ ಅನ್ನೋದು ಅವರಿಗೂ ಗೊತ್ತಿತ್ತು.

ಹೆಜ್ಜೆ 1, ಲೆಕ್ಕ. ಬಿಡಿಸೋಕೆ ಕೂರೋ ಮುಂಚೆ ಪೇಪರ್ ಮೇಲೆ ಎಷ್ಟು ಚಿತ್ರ ಬೇಕು ಅಂತ ಬರ್ಕೊಳ್ಳಿ. ಡೂಮ್‌ನ ಸಾದಾ ಝಾಂಬಿ ಸೈನಿಕನಿಗೆ ನಡೆಯೋಕೆ 4 ಫ್ರೇಮ್, ಗುಂಡು ಹೊಡೆಯೋಕೆ 2, ನೋವಿಗೆ 1, ಸಾಯೋಕೆ 5, ಛಿದ್ರ ಆಗೋಕೆ 9. ಮೊದಲ 7 ಫ್ರೇಮ್‌ಗೆ 8 ದಿಕ್ಕು ಬೇಕು, ಸಾವಿಗೆ ಒಂದೇ ದಿಕ್ಕು ಸಾಕು. ಎಂಟೂ ದಿಕ್ಕು ಬಿಡಿಸೋ ಅಗತ್ಯ ಇಲ್ಲ, ಎದುರು, ಬೆನ್ನು ಮತ್ತೆ ಒಂದು ಪಕ್ಕದ ಮೂರು ಮಾಡಿದ್ರೆ ಇನ್ನೊಂದು ಪಕ್ಕನ ಗೇಮೇ ಕನ್ನಡಿ ಥರ ತಿರುಗಿಸಿಕೊಳ್ಳುತ್ತೆ. ಇಂಥ ಒಬ್ಬ ಸೈನಿಕನಿಗೆ ನೀವು ಮಾಡಬೇಕಾದ ಚಿತ್ರ 70ರ ಬದಲು 49. ಆದ್ರೆ ನಿಮ್ಮ ರಾಕ್ಷಸನ ಒಂದೇ ಕೈಯಲ್ಲಿ ದೊಡ್ಡ ಫಿರಂಗಿ ಇದ್ರೆ ಕನ್ನಡಿ ಉಪಾಯ ಬೇಡ, ಅವನು ತಿರುಗಿದಾಗೆಲ್ಲ ಫಿರಂಗಿ ಕೈ ಬದಲಾಯಿಸುತ್ತೆ. ಮೊದಲ ಸಲ ಮಾಡೋರು ಎರಡೂ ಕಡೆ ಒಂದೇ ಥರ ಇರೋ ರಾಕ್ಷಸನ್ನೇ ಮಾಡಿ.

ಹೆಜ್ಜೆ 2, ಗೊಂಬೆ. ಮಣ್ಣಾದ್ರೂ ಸರಿ, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಆದ್ರೂ ಸರಿ. ನನ್ನ ಓಟು ಮಣ್ಣಿಗೆ, ಬೆರಳಿನ ಗುರುತು ಚರ್ಮದ ಥರ ಕಾಣೋದು ಬ್ಲೆಂಡರ್‌ನಲ್ಲಿ ಸುಮ್ನೆ ಬರಲ್ಲ. ಒಳಗೆ ತಂತಿ ಹಾಕಿ, ಇಲ್ಲಾಂದ್ರೆ ಮೂರನೇ ಪೋಸಿಗೆ ಕಾಲು ಮುರಿಯುತ್ತೆ. ಮಕ್ಕಳ ಆಟಕ್ಕೆ ಮಾರೋ ಎಣ್ಣೆ ಎಣ್ಣೆ ಕ್ಲೇ ತಗೋಬೇಡಿ, ಲೈಟ್ ಬಿದ್ರೆ ಮಿಂಚುತ್ತೆ, ಆ ಮಿಂಚು ಚಿಕ್ಕದಾದಾಗ ಬಿಳಿ ಚುಕ್ಕೆ ಆಗಿ ಉಳಿಯುತ್ತೆ. ಕೇಕ್‌ಗೆ ಕ್ರೀಮ್ ಹಚ್ಚೋಕೆ ಬಳಸೋ ತಿರುಗೋ ತಟ್ಟೆ ಮೇಲೆ ಗೊಂಬೆ ಇಟ್ಟು, ತಟ್ಟೆ ಅಂಚಲ್ಲಿ 45 ಡಿಗ್ರಿಗೊಂದು ಗೆರೆ ಹಾಕಿ, ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಲೈಟ್ ಮೇಲಿಂದ, ಎರಡೂ ಅಲುಗಾಡಬಾರದು. ಎಐಗೆ ಹೇಳಿ ಎಂಟು ದಿಕ್ಕು ಮಾಡಿಸೋ ಶಾರ್ಟ್‌ಕಟ್ ಬಗ್ಗೆ ತುಂಬಾ ಜನ ಕೇಳ್ತಾರೆ. ನಾನು ನೋಡಿದ ಅಂಥವುಗಳಲ್ಲಿ ಎದುರಿಂದ ಎರಡು ಕೊಂಬು, ಪಕ್ಕದಿಂದ ಮೂರು, ಸರಿ ಮಾಡೋಕೆ ಹೋದ್ರೆ ಹೊಸದಾಗಿ ಮಾಡೋದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹೆಜ್ಜೆ 3, ಚಿಕ್ಕದು ಮಾಡೋದು. ಇಲ್ಲಿ ಅವಸರ ಬೇಡ.

ಮೊದಲು ಎತ್ತರ. ಡೂಮ್‌ನ 320×200 ಚಿತ್ರ ಹಳೇ 4:3 ಮಾನಿಟರ್‌ನಲ್ಲಿ ತುಂಬ್ಕೊಳ್ತಿತ್ತು, ಹಾಗಾಗಿ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ 1.2 ಪಟ್ಟು ಎತ್ತರ, ಡೂಮ್‌ನ ಈಗಿನ ಕಂಪ್ಯೂಟರ್‌ನಲ್ಲಿ ಓಡಿಸೋ ಜಿಝೆಡ್‌ಡೂಮ್ ಕೂಡ ಅದನ್ನ ಹಾಗೇ ಉಳಿಸಿಕೊಂಡಿದೆ. ಇದನ್ನ ಮರೆತ್ರೆ ಗುಂಡು ಗುಂಡಗೆ ಮಾಡಿದ ರಾಕ್ಷಸ ಗೇಮಲ್ಲಿ ಸಣಕಲಾಗಿ ನಿಂತಿರ್ತಾನೆ. ಸರಿ ಅಳತೇಲಿ 66 ಪಿಕ್ಸೆಲ್ ಎತ್ತರ ಬರೋನನ್ನ 55ಕ್ಕೆ ಕುಗ್ಗಿಸಿ, ಅಗಲ ಮುಟ್ಟಬೇಡಿ.

ಆಮೇಲೆ ಹಿನ್ನೆಲೆ ಕತ್ತರಿಸೋದು. ಸ್ಪ್ರೈಟ್‌ನಲ್ಲಿ ಒಂದು ಪಿಕ್ಸೆಲ್ ಇದೆ ಅಥವಾ ಇಲ್ಲ, ಅರ್ಧಂಬರ್ಧ ಪಾರದರ್ಶಕ ಅನ್ನೋದಿಲ್ಲ. ಚಿಕ್ಕದು ಮಾಡಿದಾಗ ಅಂಚಲ್ಲಿ ಹುಟ್ಟೋ ಅರೆಬರೆ ಪಿಕ್ಸೆಲ್‌ಗಳೇ ಆ ಬಿಳಿ ಅಂಚು. ಚಿತ್ರ ತಿದ್ದೋ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಥ್ರೆಶೋಲ್ಡ್ ಆಲ್ಫಾ ಹಾಕಿದ್ರೆ ಒಂದೇ ಏಟಿಗೆ ಹೋಗುತ್ತೆ. ಬ್ಲೆಂಡರ್‌ನೋರು ರೆಂಡರ್ ಫಿಲ್ಟರ್ ಅಗಲನ 0.01ಕ್ಕೆ ಇಳಿಸಿ.

ಈಗ ಬಣ್ಣ. ಚಿತ್ರನ ಇಂಡೆಕ್ಸ್ಡ್ ಮೋಡ್‌ಗೆ, ಅಂದ್ರೆ ಲೆಕ್ಕದ ಬಣ್ಣಕ್ಕೆ, ಬದಲಾಯಿಸೋವಾಗ ಗೇಮ್‌ನ ಪ್ಯಾಲೆಟ್ಟನ್ನೇ (ಆ 256 ಬಣ್ಣದ ಪಟ್ಟಿನ) ಕೊಡಿ, ಬಳಸದ ಬಣ್ಣ ತೆಗೆಯೋ ಟಿಕ್ ತೆಗೆದುಬಿಡಿ, ಇಲ್ಲದ ಬಣ್ಣ ತೋರಿಸೋಕೆ ಇರೋ ಬಣ್ಣಗಳ ಚುಕ್ಕೆ ಬೆರೆಸೋ ಡಿದರಿಂಗ್ ಅನ್ನೋದನ್ನ ಪೂರ್ತಿ ಆಫ್ ಮಾಡಿ. 55 ಪಿಕ್ಸೆಲ್ ಎತ್ತರದ ಮೈಮೇಲೆ ಡಿದರಿಂಗ್ ಹಾಕಿದ್ರೆ ರಾಕ್ಷಸನಿಗೆ ಸಿಡುಬು ಬಂದ ಹಾಗಿರುತ್ತೆ, ನಡೆದಾಗ ಆ ಚುಕ್ಕೆ ಎಲ್ಲಾ ಇರುವೆ ಥರ ಹರಿದಾಡುತ್ತೆ. ಇನ್ನೊಂದು, ಡೂಮ್‌ನ ಪ್ಯಾಲೆಟ್‌ನಲ್ಲಿ ಕಂದು, ಕೆಂಪು, ಬೂದು, ಹಸಿರಿಗೆ ತಿಳಿಯಿಂದ ಗಾಢಕ್ಕೆ ಉದ್ದ ಸಾಲು ಇದೆ, ನೇರಳೆಗೆ ಬೆರಳೆಣಿಕೆ ಅಷ್ಟೇ. ಕತ್ತಲ ಕೋಣೆಗೆ ಹೋದಾಗ ಗೇಮ್ ಹೊಸ ಬಣ್ಣ ಸೃಷ್ಟಿಸಲ್ಲ, ಇರೋ 256ರಲ್ಲೇ ಇನ್ನೂ ಗಾಢವಾದದ್ದು ಯಾವುದು ಅಂತ ಹುಡುಕುತ್ತೆ, ಬೆಳಕಿಂದ ಕತ್ತಲಿಗೆ ಇಂಥ 32 ಮೆಟ್ಟಿಲು. ಸಾಲು ಚಿಕ್ಕದಿದ್ರೆ ನಾಲ್ಕು ಮೆಟ್ಟಿಲು ಇಳಿಯೋಷ್ಟರಲ್ಲಿ ಬಣ್ಣನೇ ಬೇರೆ. ನೇರಳೆ ರಾಕ್ಷಸ ಬೇಕೇ ಬೇಕು ಅಂದ್ರೆ ಪ್ಯಾಲೆಟ್ ನೀವೇ ಮಾಡ್ಕೊಳ್ಳಿ, ಡೂಮಿನದು ಬಳಸೋದಾದ್ರೆ ಕಂದು ಕೆಂಪಲ್ಲೇ ಇರಿ.

ಇಷ್ಟಾದ್ಮೇಲೆ ಅಸಲಿ ಕೆಲಸ, ಕೈಯಲ್ಲಿ ಪಿಕ್ಸೆಲ್ ತಿದ್ದೋದು. ಯಾವ ಸಾಫ್ಟ್‌ವೇರೂ ಮುಖ ಸರಿಯಾಗಿ ಚಿಕ್ಕದು ಮಾಡಲ್ಲ. ತಲೆ ಅಗಲ 9 ಪಿಕ್ಸೆಲ್ ಅಂದ್ಕೊಳ್ಳಿ. ಗೊಂಬೇಲಿ ಎಷ್ಟು ಚೆನ್ನಾಗಿ ಕಣ್ಣು ಕೆತ್ತಿದ್ರೂ ಇಲ್ಲಿ ಅದು ಎರಡು ಮಾಸಲು ಕಂದು ಚುಕ್ಕೆ. ಕಣ್ಣಿನ ಜಾಗದ ಸುತ್ತ ಒಂದು ಸಾಲು ಕಡುಕಂದು ಮಾಡಿ, ಒಳಗೆ ಒಂದೊಂದೇ ಪಿಕ್ಸೆಲ್ ಉರಿಯೋ ಹಳದಿ ಇಡಿ. ಹುಬ್ಬಿನ ಮೇಲೆ ತಿಳಿ ಬಣ್ಣದ ಮೂರು ಪಿಕ್ಸೆಲ್, ಬಾಯಿಗೆ ಒಂದು ಕಪ್ಪು ಗೆರೆ, ಅದರಲ್ಲಿ ಹಲ್ಲಿಗೆ ಎರಡು ಚುಕ್ಕೆ ಸಾಕು. ಅಲ್ಲಿವರೆಗೂ ಮುದ್ದೆ ಆಗಿದ್ದದ್ದು ತಿರುಗಿ ನಿಮ್ಮನ್ನ ನೋಡುತ್ತೆ. ಅದೇ ಥರ ಕಾಲುಗಳ ಮಧ್ಯೆ, ಕಂಕುಳ ಕೆಳಗೆ ಗಾಢ ಗೆರೆ ಎಳೀರಿ, ಮೈಮೇಲೆ ಒಂಟಿಯಾಗಿ ನಿಂತಿರೋ ಅನಾಥ ಪಿಕ್ಸೆಲ್‌ನೆಲ್ಲ ಅಳಿಸಿ. ಜೂಮ್ ಮಾಡಿಯೇ ಕೂತಿರಬೇಡಿ, ಪಕ್ಕದಲ್ಲಿ ಅಸಲಿ ಸೈಜಿನ ಇನ್ನೊಂದು ವಿಂಡೋ ತೆರೆದಿರಲಿ. ಇದಕ್ಕೆ ನಾನು ಹೇಳೋದು ಏಸ್‌ಪ್ರೈಟ್, ದುಡ್ಡಿನದು ಆದ್ರೂ ಬೆಲೆಗೆ ಮೋಸ ಇಲ್ಲ, ಬೇಡ ಅನ್ನೋರಿಗೆ ಅದರ ಹಳೇ ಆವೃತ್ತಿಯಿಂದ ಕವಲೊಡೆದ ಲಿಬ್ರೆಸ್ಪ್ರೈಟ್ ಪುಕ್ಕಟೆ. ಫೋಟೋನ ಪಿಕ್ಸೆಲ್ ಆರ್ಟ್ ಮಾಡ್ತೀವಿ ಅನ್ನೋ ಮೊಬೈಲ್ ಆ್ಯಪ್‌ಗಳನ್ನ ಮುಟ್ಟಬೇಡಿ, ಅವು ದೊಡ್ಡ ಚಿತ್ರದ ಮೇಲೆ ಚೌಕ ಚೌಕ ಬಳಿಯುತ್ತವೆ, ಚೌಕಗಳ ಸೈಜೂ ಒಂದಕ್ಕೊಂದು ಹೊಂದಲ್ಲ.

ಹೆಜ್ಜೆ 4, ಆಫ್‌ಸೆಟ್. ಸೊಂಟ ಜಿಗಿಯೋ ರೋಗ ಬರೋದು ಇಲ್ಲಿಂದ. ಪ್ರತಿ ಚಿತ್ರಕ್ಕೂ ಅದರ ನಡುಬಿಂದು ಎಲ್ಲಿ, ನೆಲ ಎಲ್ಲಿ ಅಂತ ಗೇಮ್‌ಗೆ ಹೇಳ್ಬೇಕು. ಡೂಮ್ ಫೈಲ್ ತಿದ್ದೋ ಸ್ಲೇಡ್ ಎಡಿಟರ್‌ನಲ್ಲಿ ಒಂದೇ ಕ್ಲಿಕ್ಕಿಗೆ ಹಾಕೋ ಮಾನ್ಸ್ಟರ್ ಆಯ್ಕೆ ಇದೆ, ಅದು ಅಗಲದ ಅರ್ಧನೇ ನಡು ಅಂದ್ಕೊಳ್ಳುತ್ತೆ. ರಾಕ್ಷಸ ಒಂದು ಕೈ ಚಾಚಿದ ಫ್ರೇಮ್‌ನಲ್ಲಿ ಚಿತ್ರ 12 ಪಿಕ್ಸೆಲ್ ಜಾಸ್ತಿ ಅಗಲ ಆದ್ರೆ ನಡು 6 ಪಿಕ್ಸೆಲ್ ಸರಿಯುತ್ತೆ, ಮೈಯೆಲ್ಲ ಪಕ್ಕಕ್ಕೆ ಹಾರುತ್ತೆ. ನಾನು ಎಲ್ಲಾ ಫ್ರೇಮನ್ನೂ 96×96ರ ಒಂದೇ ಸೈಜಿನ ಕ್ಯಾನ್ವಾಸ್‌ನಲ್ಲಿ, ಬೆನ್ನುಮೂಳೆ ಮೇಲೆ ಒಂದು ನೇರ ಗೆರೆ, ಪಾದದ ಕೆಳಗೆ ಒಂದು ಅಡ್ಡ ಗೆರೆ ಇಟ್ಟು ಜೋಡಿಸ್ತೀನಿ, ಎಲ್ಲದಕ್ಕೂ ಒಂದೇ ಆಫ್‌ಸೆಟ್, ಕತ್ತರಿಸೋಕೆ ಹೋಗಲ್ಲ. ಪಿಎನ್‌ಜಿ ಒಳಗೆ ಕೂರೋ ಈ ಆಫ್‌ಸೆಟ್ ಮಾಹಿತಿ ಬೇರೆ ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದ್ರೆ ಅಳಿಸಿಹೋಗಬಹುದು, ಹಾಗಾಗಿ ತಿದ್ದೋದೆಲ್ಲ ಮುಗಿದ ಮೇಲೇ ಇದನ್ನ ಮಾಡಿ.

ಹೆಜ್ಜೆ 5, ಚಿತ್ರಗಳ ಹೆಸರು. ರಾಕ್ಷಸನಿಗೆ ನಾಲ್ಕು ಅಕ್ಷರದ ಹೆಸರು, ಫ್ರೇಮ್‌ನ ಅಕ್ಷರ, ದಿಕ್ಕಿನ ನಂಬರ್. 1 ಎದುರು, 5 ಬೆನ್ನು, 0 ಅಂದ್ರೆ ಎಲ್ಲಾ ದಿಕ್ಕಿಗೂ ಅದೇ ಚಿತ್ರ, ಕನ್ನಡಿ ಚಿತ್ರಕ್ಕೆ ಎ2ಎ8 ಅಂತ ಎರಡೂ ಸೇರಿಸಿ ಬರೆಯೋದು. 3 ಮತ್ತೆ 7 ಅದಲುಬದಲಾದ್ರೆ ಎಡಕ್ಕೆ ನೋಡ್ತಾ ಬಲಕ್ಕೆ ನಡೀತಾನೆ.

ಡೂಮ್‌ನ ಮೂಲ ಚಿತ್ರಗಳ ಮೇಲೆ ಬಣ್ಣ ಬಳಿದು ನಮ್ಮದು ಅನ್ನೋದು ಬೇಡ. ಕೋಡ್ ಮುಕ್ತ ಆಗಿದೆ, ಚಿತ್ರಗಳು ಆಗಿಲ್ಲ. ಆಧಾರ ಬೇಕಾದ್ರೆ ಡೂಮ್‌ಗೆ ಮುಕ್ತ ಚಿತ್ರಗಳನ್ನ ಮಾಡೋ ಫ್ರೀಡೂಮ್ ಯೋಜನೆಯ ಚಿತ್ರಗಳನ್ನ ಅವರ ಲೈಸೆನ್ಸ್ ಓದಿ ತಗೊಳ್ಳಿ.

ಕೊನೇದು ಪರೀಕ್ಷೆ, 49 ಚಿತ್ರ ಮುಗಿಯೋವರೆಗೆ ಕಾಯಬೇಡಿ, ನಡೆಯೋ ನಾಲ್ಕು ಫ್ರೇಮ್ ಆದ ತಕ್ಷಣ ಗೇಮ್‌ಗೆ ಹಾಕಿ. ಡೂಮ್‌ನ ಗಡಿಯಾರ ಸೆಕೆಂಡಿಗೆ 35 ಸಲ ಬಡಿಯುತ್ತೆ, ಝಾಂಬಿ ಸೈನಿಕನ ಒಂದೊಂದು ಫ್ರೇಮ್ 8 ಬಡಿತ ನಿಲ್ಲುತ್ತೆ, ಅಂದ್ರೆ ನಾಲ್ಕು ಫ್ರೇಮ್ ಸುತ್ತೋಕೆ ಒಂದು ಸೆಕೆಂಡ್‌ಗಿಂತ ಚೂರು ಕಮ್ಮಿ. ಅದೇ ವೇಗ ಇಟ್ಟು, ಅವನನ್ನ ಅತಿ ಕತ್ತಲ ಕೋಣೆಯ ಮೂಲೇಲಿ ನಿಲ್ಲಿಸಿ, ನೀವು ಇನ್ನೊಂದು ತುದೀಲಿ ನಿಂತು ನೋಡಿ. ಕಣ್ಣು ಕಾಣ್ತಿಲ್ಲ ಅಂದ್ರೆ ವಾಪಸ್ ಹೋಗಿ ಆ ಎರಡು ಹಳದಿ ಪಿಕ್ಸೆಲ್‌ನ ಇನ್ನೊಂದು ಮೆಟ್ಟಿಲು ತಿಳಿ ಮಾಡಿ, ಆಮೇಲೆ ಉಳಿದ ಫ್ರೇಮ್‌ಗೆ ಕೈ ಹಾಕಿ.