ಡ್ಯಾಝ್‌ನಿಂದ ಬ್ಲೆಂಡರ್‌ಗೆ: ಎಣ್ಣೆ ಹಚ್ಚಿ ಹೆಣೆದ ಹೆರಳು

ಪಾತ್ರ ಇಳಕಲ್ ಸೀರೆ ಉಟ್ಟ ಬಾಗಲಕೋಟೆ ಕಡೆಯ ಹೆಣ್ಣುಮಗಳು. ನಡುಬೈತಲೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಒಂದೇ ಹೆರಳು, ಅದಕ್ಕೆ ಅಬ್ಬಲಿಗೆ ದಂಡೆ. ಮೈ ಮುಖ ಡ್ಯಾಝ್ ಸ್ಟುಡಿಯೋ ಅನ್ನುವ 3ಡಿ ಸಾಫ್ಟ್‌ವೇರ್‌ನ ಸಿದ್ಧ ಮಾನವ ಮಾದರಿ ಜೆನೆಸಿಸ್ 8, ರೆಂಡರ್ (ಅಂತಿಮ ಚಿತ್ರ ತೆಗೆಯುವುದು) ಇನ್ನೊಂದು 3ಡಿ ಸಾಫ್ಟ್‌ವೇರ್ ಬ್ಲೆಂಡರ್ 4.2ರ ಸೈಕಲ್ಸ್ ರೆಂಡರರ್‌ನಲ್ಲಿ. ಮುಖದ ಚರ್ಮ, ಕಣ್ಣು, ಹಲ್ಲು ಹೆಚ್ಚು ತಕರಾರಿಲ್ಲದೆ ಬಂದುಬಿಡುತ್ತವೆ. ಕಾಡುವುದು ಕೂದಲು. ಡ್ಯಾಝ್‌ನಿಂದ ಕೂದಲಿನ ಆಕಾರವನ್ನಷ್ಟೇ ತರಬೇಕು, ಮಟೀರಿಯಲ್ (ಮೇಲ್ಮೈಯ ಬಣ್ಣ, ಹೊಳಪು) ಅಲ್ಲೇ ಬಿಟ್ಟು ಬರಬೇಕು ಅನ್ನುವುದಕ್ಕೆ ನಾನು ಬಂದು ನಿಂತಿದ್ದೇನೆ. ಡ್ಯಾಝ್‌ನ ಐರೇ ರೆಂಡರರ್‌ಗೆ ಬರೆದ ಮಟೀರಿಯಲ್ಲನ್ನು ಸೈಕಲ್ಸ್‌ನಲ್ಲಿ ತಿದ್ದುತ್ತ ಕೂರುವ ಹೊತ್ತಿನಲ್ಲಿ ಹೊಸದೇ ಕಟ್ಟಬಹುದು.

ತರುವುದಕ್ಕೆ ಡಿಫಿಯೋಮಾರ್ಫಿಕ್ ಆ್ಯಡ್‌ಆನ್ ಬಳಸುತ್ತೇನೆ, ಉಚಿತ. ಡ್ಯಾಝ್‌ನಲ್ಲಿ ಸೀನ್ ಸೇವ್ ಮಾಡಿದರೆ ಡಿಯುಎಫ್ ಫೈಲ್ ಸಿಗುತ್ತದೆ. ಆಮೇಲೆ ಆ ಆ್ಯಡ್‌ಆನ್‌ನದೇ ಎಕ್ಸ್‌ಪೋರ್ಟ್ ಸ್ಕ್ರಿಪ್ಟ್ ಓಡಿಸಿದರೆ ಅದೇ ಹೆಸರಿನ ಡಿಬಿಝಡ್ ಫೈಲ್. ಎರಡೂ ಒಂದೇ ಫೋಲ್ಡರ್‌ನಲ್ಲಿರಬೇಕು. ಪಾತ್ರಕ್ಕೆ ಭಂಗಿ ಕೊಡುವ ಮುಂಚೆ, ಕೈಕಾಲು ಮೂಲ ಸ್ಥಿತಿಯಲ್ಲಿದ್ದಾಗಲೇ ತರಬೇಕು. ಕತ್ತು ತಿರುಗಿಸಿ ನಿಂತ ಪಾತ್ರದ ಕೂದಲನ್ನು ಎಳೆಯಾಗಿ ಪರಿವರ್ತಿಸಿದರೆ ಆ ತಿರುಚು ಶಾಶ್ವತವಾಗಿ ಉಳಿದುಬಿಡುತ್ತದೆ.

ತಂದ ತಕ್ಷಣ ಅಳತೆ ನೋಡಬೇಕು. ಡ್ಯಾಝ್‌ನ ಒಂದು ಯೂನಿಟ್ 1 ಸೆಂ.ಮೀ., ಬ್ಲೆಂಡರ್‌ನದು 1 ಮೀಟರ್. ಸ್ಕೇಲ್ 0.01 ಇರಬೇಕು. ಎನ್ ಕೀ ಒತ್ತಿ ಎತ್ತರ ನೋಡಿ: 1.6ರ ಆಸುಪಾಸು ಇದ್ದರೆ ಸರಿ, 160 ಬಂದರೆ ಮುಂದಿನದೆಲ್ಲ ನೂರು ಪಟ್ಟು ತಪ್ಪು. ಈ ಆ್ಯಡ್‌ಆನ್ ಬದಲು ಎಫ್‌ಬಿಎಕ್ಸ್ ಫೈಲ್‌ನ ದಾರಿಯಲ್ಲಿ ತಂದವರಿಗೆ ಎತ್ತರ ಸರಿ ಕಾಣಿಸಿದರೂ ಆಬ್ಜೆಕ್ಟ್ ಸ್ಕೇಲ್ 0.01 ಅಂತಲೇ ಉಳಿದಿರುತ್ತದೆ. ಕಂಟ್ರೋಲ್-ಎ ಒತ್ತಿ ಅದನ್ನು 1 ಮಾಡದೆ ಕೂದಲಿಗೆ ಕೈ ಹಾಕಿದರೆ ಎಳೆಯ ಉದ್ದ, ದಪ್ಪ ಎರಡೂ ಹಿಡಿತಕ್ಕೆ ಸಿಗುವುದಿಲ್ಲ.

ಇನ್ನೊಂದು, ಸಬ್‌ಡಿವಿಷನ್, ಅಂದರೆ ಜಾಲವನ್ನು (ಮೆಶ್) ಸಣ್ಣದಾಗಿ ಒಡೆದು ನಯ ಮಾಡುವುದು. ಡ್ಯಾಝ್‌ನಲ್ಲಿ ತಲೆ ನಯಗೊಂಡ ಸ್ಥಿತಿಯಲ್ಲಿ ಕಾಣುತ್ತದೆ, ಬ್ಲೆಂಡರ್‌ಗೆ ಬರುವುದು ಸಾಮಾನ್ಯವಾಗಿ ಮೂಲ ಜಾಲ. ಸಬ್‌ಡಿವಿಷನ್ ಹಾಕಿದರೆ ಉಬ್ಬಿದ ಭಾಗ ಸ್ವಲ್ಪ ಒಳಗೆ ಸರಿಯುತ್ತದೆ. ತಲೆಗೆ ಹಾಕಿ ಕೂದಲ ಟೋಪಿಗೆ (ನೆತ್ತಿಗೆ ಅಂಟಿ ಕೂರುವ ಕೂದಲ ಬುಡದ ಜಾಲ) ಹಾಕದಿದ್ದರೆ ಟೋಪಿ ತೇಲುತ್ತದೆ, ಉಲ್ಟಾ ಆದರೆ ನೆತ್ತಿಯ ಚರ್ಮ ಟೋಪಿ ತೂರಿ ಹೊರಗೆ ಬರುತ್ತದೆ. ಎರಡಕ್ಕೂ ಒಂದೇ ಲೆವೆಲ್ ಕೊಡಿ. ಆದರೂ ತೂರಿದರೆ ಟೋಪಿಗೆ ತಲೆಯ ಮೇಲ್ಮೈಗೆ ಅಂಟಿಸುವ ಶ್ರಿಂಕ್‌ವ್ರ್ಯಾಪ್, ಆಫ್‌ಸೆಟ್ 0.001, ಅಂದರೆ 1 ಮಿ.ಮೀ.

ಡ್ಯಾಝ್‌ನ ಬಹುಪಾಲು ಕೂದಲು ಪಟ್ಟಿ ಕೂದಲು: ಕಾಗದದ ಪಟ್ಟಿಯಂಥ ಜಾಲ, ಅದರ ಮೇಲೆ ಕೂದಲಿನ ಚಿತ್ರ, ನಡುವಿನ ಸಂದು ಮರೆಸಲು ಕಪ್ಪು-ಬಿಳುಪಿನ ಓಪಾಸಿಟಿ ಮ್ಯಾಪ್. ದೂರದ ಶಾಟ್‌ಗೆ, ಹಿಂದೆ ನಿಂತ ಜನರಿಗೆ ಇದೇ ಸಾಕು. ಬ್ಲೆಂಡರ್‌ನಲ್ಲಿ ಇದು ಎರಡು ಕಡೆ ಕೈಕೊಡುತ್ತದೆ.

ಮೊದಲನೆಯದು, ಕಿವಿಯ ಹಿಂದೆ, ಕುತ್ತಿಗೆ ಹತ್ತಿರ ಇದ್ದಿಲು ಬಳಿದಂಥ ಕಲೆ. ನೆರಳು ಅಂದುಕೊಂಡು ಲೈಟ್ ಹೆಚ್ಚಿಸಿದರೆ ಅದು ಹೋಗುವುದಿಲ್ಲ. ಸೈಕಲ್ಸ್‌ನ ಲೈಟ್ ಪಾತ್ಸ್‌ನಲ್ಲಿ ಟ್ರಾನ್ಸ್‌ಪರೆಂಟ್ ಬೌನ್ಸ್ ಮೊದಲಿಗೆ 8 ಇರುತ್ತದೆ. ಒಂದು ಕಿರಣ ಎಂಟು ಪಾರದರ್ಶಕ ಪದರ ದಾಟಿ ಒಂಬತ್ತನೆಯದಕ್ಕೆ ಬಂದರೆ ಅಲ್ಲಿಗೆ ಮುಗಿಯಿತು, ಕಪ್ಪು. ದಟ್ಟ ಕೂದಲಲ್ಲಿ ಪದರಗಳು ಇಪ್ಪತ್ತು ದಾಟುವುದು ಸಾಮಾನ್ಯ. 16, 32, 64 ಅಂತ ಏರಿಸುತ್ತ ಹೋಗಿ, ಚಿತ್ರ ಬದಲಾಗುವುದು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ. ಸುಮ್ಮನೆ ದೊಡ್ಡ ಸಂಖ್ಯೆ ಹಾಕಿದರೆ ರೆಂಡರ್ ಹೊತ್ತು ಬೆಳೆಯುತ್ತದೆ, ಅಷ್ಟೇ.

ಎರಡನೆಯದು, ತುದಿಯೆಲ್ಲ ಹುಳ ತಿಂದ ಹಾಗೆ ತೆಳ್ಳಗಾಗುವುದು. ಓಪಾಸಿಟಿ ಮ್ಯಾಪ್‌ನ ಕಲರ್ ಸ್ಪೇಸ್ (ಚಿತ್ರದ ಸಂಖ್ಯೆಗಳನ್ನು ಓದುವ ಬಗೆ) ಎಸ್‌ಆರ್‌ಜಿಬಿ ಆಗಿ ಬಂದಿದ್ದರೆ ಹೀಗಾಗುತ್ತದೆ. ಆಗ ಮ್ಯಾಪ್‌ನಲ್ಲಿ 0.5 ಇರುವ ಬೂದು ಲೆಕ್ಕಕ್ಕೆ ಸುಮಾರು 0.21 ಆಗುತ್ತದೆ, ಅರೆಪಾರದರ್ಶಕ ತುದಿಗಳು ಅರ್ಧಕ್ಕಿಂತ ಕೆಳಗೆ ಇಳಿಯುತ್ತವೆ. ನಾನ್-ಕಲರ್ ಮಾಡಿದರೆ ಕೂದಲು ತುಂಬಿಕೊಳ್ಳುತ್ತದೆ. ಕಪ್ಪು ಕೂದಲು ಹಾಲು ಬೆರೆಸಿದ ಹಾಗೆ ಕಂಡರೆ ಐರೇಯ ಟ್ರಾನ್ಸ್‌ಲುಸೆನ್ಸಿ (ಬೆಳಕು ಒಳಗಿಳಿದು ಹರಡುವ ಗುಣ) ಜೊತೆಗೆ ಬಂದಿದೆ ಅಂತ ಅರ್ಥ. ಕೂದಲ ಮಟೀರಿಯಲ್‌ನಲ್ಲಿ ಸಬ್‌ಸರ್ಫೇಸ್ ಸೊನ್ನೆ ಮಾಡಿ.

ಹತ್ತಿರದ ಶಾಟ್‌ಗೆ ಪಟ್ಟಿ ಸಾಲದು, ಎಳೆಯೇ ಬೇಕು. ಆ್ಯಡ್‌ಆನ್‌ನಲ್ಲಿ ಪಟ್ಟಿಯನ್ನು ಎಳೆಯಾಗಿಸುವ ಮೇಕ್ ಹೇರ್ ಇದೆ. ಬಿಚ್ಚುಗೂದಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಪಟ್ಟಿಗಳು ಚೊಕ್ಕ ನಾಲ್ಕುಮೂಲೆ ಜಾಲವಾಗಿರಬೇಕು ಅಷ್ಟೆ. ಜಡೆಗೆ ಮಾತ್ರ ನಾನು ಅದನ್ನು ಬಳಸುವುದಿಲ್ಲ. ಜಡೆಯ ಪಟ್ಟಿಗಳು ಒಂದರೊಳಗೊಂದು ನುಸುಳಿ ತುಂಡುತುಂಡಾಗಿರುತ್ತವೆ, ಸಿಗುವುದು ಹೆರಳಲ್ಲ, ಬಿಚ್ಚಿಹೋದ ಹಗ್ಗ.

ಹಾಗಾಗಿ ನೆತ್ತಿ ಬೇರೆ, ಹೆರಳು ಬೇರೆ ಕಟ್ಟುತ್ತೇನೆ.

ನೆತ್ತಿಗೆ: ತಲೆಯ ಜಾಲದಿಂದ ಕೂದಲು ಹುಟ್ಟುವ ಭಾಗವನ್ನಷ್ಟೇ ನಕಲು ಮಾಡಿ ಬೇರೆ ಆಬ್ಜೆಕ್ಟ್ ಮಾಡಿ. ಅದಕ್ಕೆ ಹೊಸ ಯುವಿ (ಜಾಲವನ್ನು ಬಿಚ್ಚಿ ಚಪ್ಪಟೆ ಹರಡಿದ ನಕ್ಷೆ), ಎಲ್ಲಿಯೂ ಒಂದರ ಮೇಲೊಂದು ಬೀಳದಂತೆ. ಬ್ಲೆಂಡರ್‌ನ ಹೇರ್ ಕರ್ವ್, ಅಂದರೆ ಕೂದಲಿನ ಎಳೆಯಾಗುವ ಗೆರೆ, ತನ್ನ ಬುಡವನ್ನು ಯುವಿ ಮೂಲಕವೇ ಹುಡುಕುತ್ತದೆ. ಯುವಿ ಮಡಚಿಕೊಂಡಿದ್ದರೆ ಎಡಗಿವಿಯ ಕೂದಲು ಬಲಗಿವಿಗೆ ಹಾರುತ್ತದೆ. ದಾರಿ ತೋರಿಸುವ ಗೈಡ್ ಎಳೆ 150ರಿಂದ 200 ಸಾಕು, ಹಣೆಯಿಂದ ಕುತ್ತಿಗೆಗೆ ಬಾಚಿದಂತೆ. ಮಿಕ್ಕದ್ದನ್ನು ಇಂಟರ್‌ಪೊಲೇಟ್ ಹೇರ್ ಕರ್ವ್ಸ್ ಅನ್ನುವ ಬ್ಲೆಂಡರ್‌ನ ಸಿದ್ಧ ನೋಡ್ ತುಂಬಿಕೊಡುತ್ತದೆ.

ತುಂಬಿಕೊಡುವಾಗಲೇ ಬೈತಲೆ ಅಳಿಸಿಹೋಗುವುದು. ಎಡದ ಗೈಡ್ ಮತ್ತು ಬಲದ ಗೈಡ್ ಎರಡರ ಸರಾಸರಿ ತೆಗೆದರೆ ನಡುವೆ ನೆಟ್ಟಗೆ ನಿಂತ ಹುಲ್ಲು. ಮದ್ದು ಸುಲಭ: ನೆತ್ತಿಯ ಜಾಲವನ್ನು ಬೈತಲೆ ಗೆರೆಯ ಉದ್ದಕ್ಕೂ ಕತ್ತರಿಸಿ ಎರಡು ದ್ವೀಪ ಮಾಡಿ, ಆ ನೋಡ್‌ನಲ್ಲಿ ಪಾರ್ಟ್ ಬೈ ಮೆಶ್ ಐಲ್ಯಾಂಡ್ಸ್ ಟಿಕ್ ಮಾಡಿ. ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ಇರಬಾರದು. ಕೈಯಲ್ಲಿ ತೆಗೆದ ಬೈತಲೆ ಅಲ್ಲಲ್ಲಿ 1-2 ಮಿ.ಮೀ. ಅತ್ತಿತ್ತ ಸರಿದಿರುತ್ತದೆ. ಬೈತಲೆಯಲ್ಲಿ ಕಾಣುವ ಚರ್ಮ ಮುಖಕ್ಕಿಂತ ತುಸು ತಿಳಿ ಇರಲಿ, ಕುಂಕುಮ ಇಡುವುದಾದರೆ ಟೆಕ್ಸ್ಚರ್‌ನಲ್ಲೇ ಇಡಿ.

ಎಣಿಕೆ ಮತ್ತು ದಪ್ಪದ ಲೆಕ್ಕ ಹೀಗೆ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ಒಂದೊಂದರ ದಪ್ಪ ಹೆಚ್ಚುಕಡಿಮೆ 0.08 ಮಿ.ಮೀ. ಅಷ್ಟನ್ನೂ ಹಾಕಿದರೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. ಎಳೆಯನ್ನು ನಾಲ್ಕನೇ ಒಂದಕ್ಕೆ, ಅಂದರೆ 25,000ಕ್ಕೆ ಇಳಿಸಿದರೆ, ಒಟ್ಟು ತುಂಬು ಉಳಿಯಲು ದಪ್ಪ ಎರಡು ಪಟ್ಟಾಗಬೇಕು: 0.16 ಮಿ.ಮೀ. ಬ್ಲೆಂಡರ್ ಇಲ್ಲಿ ಕೇಳುವುದು ತ್ರಿಜ್ಯ, ಅದೂ ಮೀಟರ್‌ನಲ್ಲಿ, ಆದ್ದರಿಂದ 0.00008. ಇಲ್ಲಿ ಒಂದು ಸೊನ್ನೆ ತಪ್ಪಿದರೆ ತಲೆಯ ಮೇಲೆ ಶಾವಿಗೆ ಬೆಳೆಯುತ್ತದೆ.

ಹೆರಳಿಗೆ ಮೂರು ಕಾಲು, ಅಂದರೆ ಹೆಣೆಯುವ ಮೂರು ಕಟ್ಟು ಬೇಕು. ಮೂರೂ ಒಂದೇ ದಾರಿ ಹಿಡಿಯುತ್ತವೆ, ಹೊರಡುವ ಹೊತ್ತು ಮಾತ್ರ ಬೇರೆ. ಮೇಲಿನಿಂದ ನೋಡಿದರೆ ಪ್ರತಿ ಕಾಲೂ ಮಲಗಿದ ಇಂಗ್ಲಿಷ್ 8ರ ಆಕಾರದಲ್ಲಿ ಸುತ್ತುತ್ತ ಕೆಳಗಿಳಿಯುತ್ತದೆ. ಅಡ್ಡಕ್ಕೆ ಸೈನ್ ಟಿ, ಹಿಂದೆ-ಮುಂದಕ್ಕೆ ಸೈನ್ 2ಟಿ (ಟಿ ಅಂದರೆ ಸುತ್ತಿನ ಕೋನ), ಮೂರು ಕಾಲಿಗೂ ನಡುವೆ 120 ಡಿಗ್ರಿ ಅಂತರ. ಅಡ್ಡ ವಿಸ್ತಾರ 1.2 ಸೆಂ.ಮೀ., ಹಿಂದೆ-ಮುಂದೆ 0.6, ಒಂದು ಪೂರ್ತಿ ಸುತ್ತಿಗೆ 6 ಸೆಂ.ಮೀ. ಇಳಿತ. ಬಿಗಿ ಹೆರಳಿಗೆ ಇದು ಒಪ್ಪುತ್ತದೆ, ಇಳಿತ 8 ದಾಟಿದರೆ ಸಡಿಲ ಜಡೆ. ಎರಡು ವಿಸ್ತಾರವನ್ನೂ ತುದಿಗೆ ಬರುವಾಗ ನೂರರಲ್ಲಿ ನಲವತ್ತಕ್ಕೆ ಇಳಿಸಿ.

ಈ ಮೂರು ಕರ್ವನ್ನು ಹೇರ್ ಕರ್ವ್ಸ್ ಆಗಿ ಕನ್ವರ್ಟ್ ಮಾಡಿ, ಡುಪ್ಲಿಕೇಟ್ ಹೇರ್ ಕರ್ವ್ಸ್ ನೋಡ್: ಒಂದೊಂದಕ್ಕೆ 2,500 ಎಳೆ, ತ್ರಿಜ್ಯ 0.009. ಈವನ್ ಥಿಕ್‌ನೆಸ್ ಟಿಕ್ ಮಾಡಲೇಬೇಕು, ಇಲ್ಲದಿದ್ದರೆ ಕಾಲು ತಿರುಗುವ ಕಡೆಯೆಲ್ಲ ಹಿಚುಕಿದ ಹಾಗೆ ಆಗುತ್ತದೆ. ಆಮೇಲೆ ಎಳೆಗಳನ್ನು ಕೆದರಿಸುವ ಫ್ರಿಝ್ ಒಂಚೂರು. ಎಣ್ಣೆ ಹಾಕಿದ ಕೂದಲಿಗೆ ಅದು ಕಣ್ಣಿಗೆ ಬೀಳದಷ್ಟಿರಬೇಕು. ಹಾರುವ ಎಳೆ ಕಿವಿಯ ಮೇಲೆ, ಕುತ್ತಿಗೆಯಲ್ಲಿ ನಲವತ್ತೈವತ್ತು ಇದ್ದರೆ ಸಾಕು. ನೆತ್ತಿಯ ಎಳೆ ಮುಗಿದು ಹೆರಳಿನ ಎಳೆ ಶುರುವಾಗುವ ಜಾಗದಲ್ಲಿ 3 ಸೆಂ.ಮೀ. ಒಂದರೊಳಗೊಂದು ಹೋಗಲಿ. ಜೋಡಣೆ ಕಾಣುವುದೇ? ಕಾಣುತ್ತದೆ. ಅಬ್ಬಲಿಗೆ ದಂಡೆ ಇರುವುದು ಅದಕ್ಕೇ.

ಮಟೀರಿಯಲ್ ಬ್ಲೆಂಡರ್‌ನ ಕೂದಲಿಗೇ ಇರುವ ಪ್ರಿನ್ಸಿಪಲ್ಡ್ ಹೇರ್, ಅದರಲ್ಲಿ ಚಿಯಾಂಗ್ ಮಾದರಿ. ಬಣ್ಣ ಆರಿಸುವ ಬದಲು ಮೆಲನಿನ್ ಆಯ್ಕೆ ತೆಗೆದುಕೊಳ್ಳಿ. ಮೆಲನಿನ್ 0.95, ರೆಡ್‌ನೆಸ್ 0.2, ರಫ್‌ನೆಸ್ 0.3, ಐಒಆರ್ (ವಕ್ರೀಭವನ ಸೂಚ್ಯಂಕ) ಇದ್ದ ಹಾಗೇ 1.55, ರ್‍ಯಾಂಡಮ್ ಕಲರ್ 0.1. ಮೆಲನಿನ್ 1 ಮಾಡಿದರೆ ಹಿಂಬದಿಯ ಬೆಳಕಿಗೂ ಕೂದಲು ಸ್ಪಂದಿಸುವುದಿಲ್ಲ, ಡಾಂಬರಿನ ಮುದ್ದೆ. ನಮ್ಮ ಕಡೆಯ ಬಿಸಿಲಲ್ಲಿ ಕಡುಗಪ್ಪು ಕೂದಲೂ ಅಂಚಿನಲ್ಲಿ ಕಂದು ಹೊಳೆಯುತ್ತದೆ, 0.95 ಅದನ್ನು ಉಳಿಸಿಕೊಡುತ್ತದೆ. ಎಣ್ಣೆಗೆ ಇರುವುದು ಕೋಟ್ ಅನ್ನುವ ಗುಂಡಿ: ಮೊದಲ ಬೌನ್ಸ್‌ಗೆ ಮಾತ್ರ ರಫ್‌ನೆಸ್ ತಗ್ಗಿಸುತ್ತದೆ, ಆದ್ದರಿಂದ ಮೇಲ್ಮೈ ಹೊಳೆದರೂ ಒಳಗಿನ ಮೃದುತನ ಕೆಡುವುದಿಲ್ಲ. ಬಾಚಿದ ನೆತ್ತಿಗೆ 0.5, ಹೆರಳಿನ ತುದಿಗೆ 0.2. ಈ ಮಟೀರಿಯಲ್ಲನ್ನು ಪಟ್ಟಿ ಕೂದಲಿಗೆ ಹಚ್ಚಬೇಡಿ, ಇದು ದುಂಡನೆಯ ಎಳೆಗೆ ಮಾಡಿದ್ದು. ಹಾಗೆಯೇ ಬ್ಲೆಂಡರ್ 4.0ರಿಂದ ವ್ಯೂ ಟ್ರಾನ್ಸ್‌ಫಾರ್ಮ್ (ಲೆಕ್ಕದ ಬೆಳಕನ್ನು ತೆರೆಯ ಬಣ್ಣಕ್ಕೆ ಇಳಿಸುವ ಬಗೆ) ಮೊದಲಿಗೇ ಎಜಿಎಕ್ಸ್. ಡ್ಯಾಝ್‌ನ ಚಿತ್ರ ಪಕ್ಕದಲ್ಲಿಟ್ಟು ಕಪ್ಪನ್ನು ಹೋಲಿಸುತ್ತ ಕೂತರೆ ಎಂದೂ ಹೊಂದುವುದಿಲ್ಲ.

ಸನ್ ಲೈಟ್‌ನ ಆ್ಯಂಗಲ್ 0.53 ಡಿಗ್ರಿ, ನಿಜವಾದ ಸೂರ್ಯನಷ್ಟೇ. ಚಿತ್ರದ ಅಗಲ 1920 ಪಿಕ್ಸೆಲ್, ಅದರಲ್ಲಿ ಒಂದು ಮೀಟರ್ ದೃಶ್ಯ ಅಂದರೆ ಒಂದು ಪಿಕ್ಸೆಲ್‌ಗೆ 0.52 ಮಿ.ಮೀ. ನಮ್ಮ ಎಳೆ ಪಿಕ್ಸೆಲ್‌ನ ಮೂರನೇ ಒಂದು ಭಾಗಕ್ಕಿಂತ ತೆಳು. ಅದಕ್ಕೇ ಪಿಕ್ಸೆಲ್‌ಗೆ 64 ಸ್ಯಾಂಪಲ್ (ಕಿರಣ) ಹಾಕಿ, ಚುಕ್ಕೆ (ನಾಯ್ಸ್) ಒರೆಸುವ ಡಿನಾಯ್ಸ್‌ಗೆ ಬಿಟ್ಟರೆ ಎಳೆಗಳನ್ನೇ ನಾಯ್ಸ್ ಅಂದುಕೊಂಡು ಮೇಣದಂತೆ ಸವರಿಬಿಡುತ್ತದೆ. 400ಕ್ಕೆ ಏರಿಸಿ, ಡಿನಾಯ್ಸರ್‌ಗೆ ಆಲ್ಬಿಡೋ (ಮೂಲ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈಯ ದಿಕ್ಕು) ಎರಡೂ ಕೊಡಿ, ಪ್ರಿಫಿಲ್ಟರ್ ಆ್ಯಕ್ಯುರೇಟ್ ಇಡಿ. ಅನಿಮೇಷನ್ ಆದರೆ ವಿಡಿಯೋ ಫೈಲ್ ಆಗಿ ರೆಂಡರ್ ಮಾಡಬೇಡಿ, ಪಿಎನ್‌ಜಿ ಸರಣಿ ಮಾಡಿ. ನಡುರಾತ್ರಿ ಕರೆಂಟ್ ಹೋದರೆ ಒಂದು ಫ್ರೇಮ್ ಹೋಗುತ್ತದೆ, ಇಡೀ ಶಾಟ್ ಅಲ್ಲ.

ತಲೆ ಅಲ್ಲಾಡಿದಾಗ ನೆತ್ತಿಯ ಕೂದಲು ಅಲ್ಲೇ ಗಾಳಿಯಲ್ಲಿ ನಿಂತರೆ, ನೆತ್ತಿಯ ಜಾಲಕ್ಕೆ ಆ್ಯಡ್ ರೆಸ್ಟ್ ಪೊಸಿಷನ್ ಟಿಕ್ ಬಿಟ್ಟುಹೋಗಿದೆ ಅಥವಾ ಡಿಫಾರ್ಮ್ ಕರ್ವ್ಸ್ ಆನ್ ಸರ್ಫೇಸ್ ನೋಡ್ ಹಾಕಿಲ್ಲ. ಆ ನೋಡ್ ಇಂಟರ್‌ಪೊಲೇಟ್‌ಗಿಂತ ಮೊದಲು ಬರಬೇಕು, ಆಗ ಇನ್ನೂರು ಗೈಡ್ ಮಾತ್ರ ಸರಿಸಿದರೆ ಸಾಕು, 25,000 ಎಳೆಯನ್ನಲ್ಲ.

ಸೆರಗು ತಲೆಯ ಮೇಲೆ ಹೊದ್ದ ಶಾಟ್‌ಗಳಲ್ಲಿ ಇದರ ಅರ್ಧ ಕೆಲಸವೇ ಬೇಡ. ಬಟ್ಟೆ ಮತ್ತು ಎಳೆಯ ನಡುವೆ ಡಿಕ್ಕಿ ಲೆಕ್ಕ ಹಾಕಿಸಲು ಹೋಗಬೇಡಿ. ಸೆರಗಿನ ಕೆಳಗೆ ಬರುವ ಭಾಗಕ್ಕೆ ಡೆನ್ಸಿಟಿ ಸೊನ್ನೆ, ಹಣೆಯ ಮೇಲೆ ಎರಡು ಬೆರಳಷ್ಟು ಅಂಚು ಮಾತ್ರ ಉಳಿಸಿ. ಹೆರಳಿನ ಉಬ್ಬು ಬಟ್ಟೆಯ ಮೂಲಕ ಕಾಣಬೇಕಲ್ಲ, ಅದಕ್ಕೆ ಅದೇ ಮೂರು ಕರ್ವಿಗೆ 0.9 ಸೆಂ.ಮೀ. ತ್ರಿಜ್ಯ ಕೊಟ್ಟು ಜಾಲ ಮಾಡಿ, ರೆಂಡರ್‌ನಲ್ಲಿ ಮರೆಮಾಡಿ, ಸೆರಗಿಗೆ ಕೊಲಿಷನ್ ಆಗಿ ಅದನ್ನೇ ಕೊಡಿ.