ಟರ್ಬೊ ಡೀಸೆಲ್ ಎಂಜಿನ್ ಕೈಕೊಟ್ಟಾಗ ಮೂಲ ಹುಡುಕುವುದು ಹೇಗೆ?

"ಗಾಡಿಗೆ ಪಿಕಪ್ ಇಲ್ಲ, ಟರ್ಬೊ ಹೋಗಿರಬೇಕು." ಡೀಸೆಲ್ ಕಾರು ಇಟ್ಟುಕೊಂಡವರು ಒಮ್ಮೆಯಾದರೂ ಈ ಮಾತು ಕೇಳಿರುತ್ತಾರೆ. ಹೊಸ ಟರ್ಬೊ ಹಾಕಿಸಿದ ಮೇಲೂ ಪಿಕಪ್ ಬರದೆ ತಲೆ ಕೆಡಿಸಿಕೊಂಡವರೂ ಇದ್ದಾರೆ. ಈಗಿನ ಡೀಸೆಲ್ ಎಂಜಿನ್‌ನಲ್ಲಿ ತೊಂದರೆ ಕಾಣಿಸುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಹಾಗಾಗಿ ಯಾವುದೇ ಪಾರ್ಟ್ ಬದಲಿಸುವ ಮೊದಲು ಹುಡುಕುವುದಕ್ಕೆ ಒಂದು ಕ್ರಮ ಬೇಕು. ಸ್ವಂತವಾಗಿ ಸ್ಪ್ಯಾನರ್ ಹಿಡಿಯುವವರಿಗಷ್ಟೇ ಅಲ್ಲ, ಮೆಕ್ಯಾನಿಕ್ ಹತ್ತಿರ ಸರಿಯಾದ ಪ್ರಶ್ನೆ ಕೇಳಬೇಕೆನ್ನುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಎಂಜಿನ್ ಹೇಗೆ ಓಡುತ್ತದೆ ನೋಡೋಣ

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್‌ಗೆ ಬಂದ ಗಾಳಿಯನ್ನು ಸುಮಾರು 16ರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಸೈಕಲ್ ಪಂಪ್ ಒತ್ತುತ್ತಾ ಹೋದರೆ ಅದರ ತುದಿ ಬಿಸಿಯಾಗುತ್ತದಲ್ವಾ, ಹಾಗೇ ಇಲ್ಲಿಯೂ. ಆದರೆ ಇಲ್ಲಿ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿದ ತಕ್ಷಣ ತಾನೇ ಹೊತ್ತಿಕೊಳ್ಳುತ್ತದೆ.

ಚಿಮ್ಮಿಸುವ ಕೆಲಸ ಕಾಮನ್ ರೈಲ್‌ನದು. ಪಂಪ್ ಒಂದು ಗಟ್ಟಿ ಕೊಳವೆಗೆ ಡೀಸೆಲ್ ತುಂಬಿ ಒತ್ತಡದಲ್ಲಿ ಇಡುತ್ತದೆ. ಕಂಪ್ಯೂಟರ್ ಹೇಳಿದ ಕ್ಷಣಕ್ಕೆ ಇಂಜೆಕ್ಟರ್ ತೆರೆಯುತ್ತದೆ. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಇದು ಬಂದಾಗ ಒತ್ತಡ 1350 ಬಾರ್ ಇತ್ತು. ಈಗ 2000 ಬಾರ್ ದಾಟಿದ ಎಂಜಿನ್‌ಗಳು ಸಾಮಾನ್ಯ. ಒಂದೇ ಸುತ್ತಿನಲ್ಲಿ ಇಂಜೆಕ್ಟರ್ ಹಲವು ಸಲ ತೆರೆದು ಮುಚ್ಚುತ್ತದೆ. ಮೊದಲು ಒಂದು ಚಿಕ್ಕ ಹನಿ, ಆಮೇಲೆ ಮುಖ್ಯ ಸಿಂಪಡಣೆ. ಹಳೆ ಡೀಸೆಲ್‌ನ ಕಟಕಟ ಸದ್ದು ಕಡಿಮೆಯಾಗಿದ್ದು ಆ ಮೊದಲ ಹನಿಯಿಂದಲೇ.

ಟರ್ಬೊ ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುತ್ತದೆ. ಅದರ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ಹೋಗಬಲ್ಲದು. ಅದನ್ನು ತೇಲಿಸಿ ಹಿಡಿದಿರುವುದು ಎಂಜಿನ್ ಆಯಿಲ್‌ನ ತೆಳು ಪದರ ಮಾತ್ರ. ಆಯಿಲ್ ಕೆಟ್ಟರೆ ಟರ್ಬೊ ಯಾಕೆ ಹೋಗುತ್ತದೆ ಅನ್ನುವುದಕ್ಕೆ ಇಷ್ಟೇ ಸಾಕು.

ಹಂತ 1: ಯಾವಾಗ ಆಗುತ್ತದೆ ಅಂತ ಬರೆದಿಡಿ

ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್‌ಗಿಂತ ಮೊದಲು ಇದು ಬೇಕು. ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಏರು ಹತ್ತುವಾಗಲೋ, ಸುಮ್ನೆ ನಿಂತಾಗಲೂ ಉಂಟೋ? ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆಯೇ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಸರಿಹೋದರೆ ಕಾರು ಲಿಂಪ್ ಮೋಡ್‌ಗೆ ಹೋಗಿತ್ತು ಎಂದರ್ಥ. ಯಾವುದೋ ಅಳತೆ ಮಿತಿ ದಾಟಿದ್ದಕ್ಕೆ ಕಂಪ್ಯೂಟರ್ ತಾನಾಗಿ ಶಕ್ತಿ ತಗ್ಗಿಸಿದೆ. ಸರಿಹೋಗದೆ ಯಾವಾಗಲೂ ಎಳೆತ ಕಡಿಮೆಯೇ ಇದ್ದರೆ ಎಲ್ಲೋ ಕಟ್ಟಿಕೊಂಡಿರುವ ಅಥವಾ ಸೋರುವ ಸಂಭವ ಜಾಸ್ತಿ.

ಹಂತ 2: ಹೊಗೆ ಮತ್ತು ಡಿಪ್‌ಸ್ಟಿಕ್

ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ. ನೀಲಿ ಛಾಯೆ ಇದ್ದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆಗೆ ಎರಡು ಅರ್ಥ. ತಣ್ಣಗಿರುವಾಗ ಬಂದು ಡೀಸೆಲ್ ವಾಸನೆ ಹೊಡೆದರೆ ಇಂಧನ ಪೂರ್ತಿ ಹೊತ್ತಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ನೀರು ಸಿಲಿಂಡರ್‌ಗೆ ಸೇರುತ್ತಿರಬಹುದು.

ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇರುವ ಕಾರಿನಲ್ಲಿ ಕಪ್ಪು ಹೊಗೆ ಹೊರಗೆ ಕಾಣುವುದೇ ಇಲ್ಲ. ಹಾಗಾಗಿ ಎಂಜಿನ್ ಆರಿದ ಮೇಲೆ ಸೈಲೆನ್ಸರ್ ಪೈಪಿನ ಒಳಬದಿಗೆ ಬೆರಳು ಸವರಿ ನೋಡಿ. ಬೆರಳಿಗೆ ಮಸಿ ದಟ್ಟವಾಗಿ ಮೆತ್ತಿಕೊಂಡರೆ ಆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಹಳೆ ಕಾರು ಕೊಳ್ಳುವಾಗ ನಾನು ಹೇಳುವ ಮೊದಲ ಪರೀಕ್ಷೆ ಇದೇ.

ಇನ್ನು ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್‌ನ ಮಟ್ಟ ನೋಡುವ ಕಡ್ಡಿ. ಡೀಸೆಲ್ ಎಂಜಿನ್‌ನ ಆಯಿಲ್ ಬೇಗ ಕಪ್ಪಾಗುತ್ತದೆ, ಅದು ತಪ್ಪಲ್ಲ. ಮಟ್ಟ ಏರಿದರೆ ಮಾತ್ರ ಎಚ್ಚರಾಗಬೇಕು. ಹಾಕದೇ ಇದ್ದ ಆಯಿಲ್ ಹೆಚ್ಚುವುದು ಹೇಗೆ? ಡಿಪಿಎಫ್‌ನಲ್ಲಿ ತುಂಬಿದ ಮಸಿ ಸುಡಲು ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರಿದೆ. ಇಂಥ ಆಯಿಲ್ ತೆಳುವಾಗಿ ಬೇರಿಂಗ್‌ಗಳನ್ನು ಕಾಯಲಾರದು. ಗರಿಷ್ಠ ಗುರುತು ದಾಟಿದ್ದರೆ ಗಾಡಿ ಓಡಿಸಬೇಡಿ, ಮೊದಲು ಆಯಿಲ್ ಬದಲಿಸಿ.

ಹಂತ 3: ಸ್ಕ್ಯಾನರ್‌ನ ಕೋಡ್ ತೀರ್ಪಲ್ಲ

ಪಿ0299 ಅಂದರೆ ಟರ್ಬೊ ಒತ್ತಡ ಸಾಲದು. ಪಿ0401 ಅಂದರೆ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ಕವಾಟ) ಹರಿವು ಸಾಲದು. ಪಿ0087 ಅಂದರೆ ರೈಲ್ ಒತ್ತಡ ಕಡಿಮೆ. ಇವೆಲ್ಲ ಏನಾಗಿದೆ ಅಂತ ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ. ಪಿ0299 ಕಂಡ ಕೂಡಲೇ ಟರ್ಬೊ ಬಿಚ್ಚುವುದು ಅವಸರದ ಕೆಲಸ. ಮೊದಲು ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಅಳತೆಗಳನ್ನು ಸ್ಕ್ಯಾನರ್‌ನಲ್ಲಿ ನೋಡಿ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಈಗ ಡಿಪಿಎಫ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ ಸೊನ್ನೆಯ ಹತ್ತಿರ ಇರಬೇಕು, ಅಲ್ಲಿ ಹೊಗೆಯೇ ಹರಿಯುತ್ತಿಲ್ಲವಲ್ಲ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡ ಹೊರಗಿನ ಗಾಳಿಯಷ್ಟೇ ಇರಬೇಕು. ಸಮುದ್ರ ಮಟ್ಟದಲ್ಲಿ ಅದು ಸುಮಾರು 1000 ಮಿಲಿಬಾರ್. ಲೆಕ್ಕ ತಪ್ಪಿದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್. ಆಮೇಲೆ ಗಾಡಿ ಓಡಿಸುತ್ತಾ ಕಂಪ್ಯೂಟರ್ ಕೇಳಿದ ಒತ್ತಡ ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಹೋಲಿಸಿ. ಟರ್ಬೊಗೂ ಹೀಗೇ, ರೈಲ್‌ಗೂ ಹೀಗೇ. ಡೇಟಾ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು, ಡ್ರೈವರ್‌ನದ್ದಲ್ಲ.

ಹಂತ 4: ಗಾಳಿಯ ದಾರಿ ಹಿಡಿದು ಹೋಗಿ

ಏರ್ ಫಿಲ್ಟರ್‌ನಿಂದ ಶುರು ಮಾಡಿ ಟರ್ಬೊ, ಅದರ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್, ಇಂಟೇಕ್ ಮ್ಯಾನಿಫೋಲ್ಡ್‌ವರೆಗೆ ಪ್ರತಿ ರಬ್ಬರ್ ಪೈಪನ್ನೂ ಕೈಯಿಂದ ಹಿಂಡಿ, ತಿರುಗಿಸಿ ನೋಡಿ. ಸೀಳು ಹೆಚ್ಚಾಗಿ ಕೆಳಬದಿಯಲ್ಲಿ, ಕ್ಲಿಪ್‌ನ ಅಂಚಿನಲ್ಲಿ ಇರುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗ ಬಾಯಿ ಮುಚ್ಚಿಕೊಂಡಿದ್ದು, ಒತ್ತಡ ಬಂದಾಗ ಮಾತ್ರ ತೆರೆದುಕೊಳ್ಳುತ್ತದೆ. ಅದನ್ನು ಹಿಡಿದುಕೊಡುವುದು ಆಯಿಲ್ ಕಲೆ. ಪೈಪಿನೊಳಗೆ ಯಾವಾಗಲೂ ಸ್ವಲ್ಪ ಆಯಿಲ್ ಮಂಜು ಇರುತ್ತದೆ, ಸೋರುವ ಕಡೆ ಅದು ಹೊರಬಂದು ಧೂಳು ಹಿಡಿದು ಕರೀ ಉಂಗುರದಂತೆ ಕೂರುತ್ತದೆ. ಎಕ್ಸಲರೇಟರ್ ಒತ್ತಿದಾಗ ಸುಯ್ ಅನ್ನುವ ಸದ್ದೂ ಬಂದರೆ ಸಂಶಯವೇ ಬೇಡ. ಇಷ್ಟು ಚಿಕ್ಕ ಸೀಳಿಗೆ ಇಡೀ ಟರ್ಬೊ ಬದಲಾಗುವುದು ಬೇಸರದ ಸಂಗತಿ.

ಪೈಪು ಸರಿ ಇದ್ದರೆ ಟರ್ಬೊದ ಆಕ್ಚುಯೇಟರ್ ನೋಡಿ. ಹಲವು ಟರ್ಬೊಗಳಲ್ಲಿ ಹೊಗೆಯ ದಾರಿ ಹಿಗ್ಗಿಸಿ ಕುಗ್ಗಿಸುವ ಚಿಕ್ಕ ರೆಕ್ಕೆಗಳಿವೆ, ಅವನ್ನು ತಿರುಗಿಸುವುದು ಆಕ್ಚುಯೇಟರ್. ಮಸಿ ಕಟ್ಟಿ ಅವು ಅಂಟಿಕೊಂಡರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಇರುವುದಿಲ್ಲ, ಇಲ್ಲವೇ ಒತ್ತಡ ಜಾಸ್ತಿಯಾಗಿ ಕಾರು ಲಿಂಪ್ ಮೋಡ್‌ಗೆ ಹೋಗುತ್ತದೆ. ವ್ಯಾಕ್ಯೂಮ್‌ನಿಂದ ಓಡುವ ಆಕ್ಚುಯೇಟರ್ ಆಗಿದ್ದರೆ ಅದರ ತೆಳು ಟ್ಯೂಬ್ ಒಣಗಿ ಬಿರಿದಿದೆಯೇ ಅಂತಲೂ ನೋಡಬೇಕು.

ಕೊನೆಗೆ ಟರ್ಬೊ ಶಾಫ್ಟ್. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಇಂಟೇಕ್ ಬದಿಯಿಂದ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಇರುವುದು ಸಹಜ. ಹಿಂದೆಮುಂದೆ ಆಟ ಇದ್ದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ನಿಜಕ್ಕೂ ಟರ್ಬೊ ಹೋಗಿದೆ. ಹೊಸದು ಹಾಕುವ ಮೊದಲು ಅದಕ್ಕೆ ಆಯಿಲ್ ತರುವ ಪೈಪು ಕಟ್ಟಿಕೊಂಡಿದೆಯೇ ನೋಡಲೇಬೇಕು. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಹಂತ 5: ಇಜಿಆರ್

ಸಿಲಿಂಡರ್‌ನ ಬಿಸಿ ತಗ್ಗಿಸಿ ನೈಟ್ರೊಜನ್ ಆಕ್ಸೈಡ್ ಕಡಿಮೆ ಮಾಡಲು ಸ್ವಲ್ಪ ಹೊಗೆಯನ್ನು ಮತ್ತೆ ಒಳಗೆ ಕಳಿಸುವ ಕವಾಟ ಇದು. ಹೊಗೆಯ ಮಸಿ, ಎಂಜಿನ್ ಉಸಿರಿನ ಆಯಿಲ್ ಹಬೆ ಎರಡೂ ಸೇರಿ ಇಂಟೇಕ್‌ನಲ್ಲಿ ಟಾರಿನಂಥ ಕಾರ್ಬನ್ ಕಟ್ಟುತ್ತದೆ. ಕವಾಟ ತೆರೆದೇ ಸಿಕ್ಕಿಕೊಂಡರೆ ಎಂಜಿನ್‌ಗೆ ತಾಜಾ ಗಾಳಿ ಕಡಿಮೆ, ಟರ್ಬೊ ತಿರುಗಿಸಲು ಹೊಗೆಯೂ ಕಡಿಮೆ. ಸ್ಕ್ಯಾನರ್‌ನಲ್ಲಿ ಪಿ0299 ಬರುತ್ತದೆ. ಜತೆಗೆ ಮಸಿ ಹೆಚ್ಚಾಗಿ ಡಿಪಿಎಫ್ ಬೇಗ ತುಂಬುತ್ತದೆ. ಕೆಟ್ಟಿದ್ದು ಒಂದು ಕವಾಟ, ಅನುಮಾನ ಬಿದ್ದಿದ್ದು ಎರಡು ದುಬಾರಿ ಪಾರ್ಟ್‌ಗಳ ಮೇಲೆ.

ಹಂತ 6: ಡಿಪಿಎಫ್ ಯಾಕೆ ತುಂಬಿತು?

ಡಿಪಿಎಫ್ ಹಿಡಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಡಲಾಗುತ್ತದೆ. ಅದೇ ರೀಜನರೇಷನ್. ಆಗ ಐಡಲ್ ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗಿ ಓಡುತ್ತದೆ, ಸುಟ್ಟ ವಾಸನೆ ಬರುತ್ತದೆ. ಇದು ನಡೆಯುವಾಗ ಎಂಜಿನ್ ಆಫ್ ಮಾಡಬೇಡಿ, ಒಣ ಹುಲ್ಲಿನ ಮೇಲೆ ನಿಲ್ಲಿಸಲೇಬೇಡಿ. ಡಿಪಿಎಫ್ ಲೈಟ್ ಹತ್ತಿದರೆ, ಬೇರೆ ಲೈಟ್ ಇಲ್ಲದಿದ್ದರೆ, 15ರಿಂದ 20 ನಿಮಿಷ ಖಾಲಿ ಹೆದ್ದಾರಿಯಲ್ಲಿ 2000 ಆರ್‌ಪಿಎಂ ಮೇಲೆ ಒಂದೇ ಸಮನೆ ಓಡಿಸಿದರೆ ಸಾಮಾನ್ಯವಾಗಿ ಸುಡುವಿಕೆ ಮುಗಿಯುತ್ತದೆ.

ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಇದು ಪೂರ್ತಿಯಾಗುವುದೇ ಇಲ್ಲ. ಅಂಥವರಿಗೆ ಡೀಸೆಲ್ ಕಾರು ಬೇಡ ಅಂತಲೇ ನನ್ನ ಮಾತು. ಆದರೆ ದೂರ ಓಡಿಸುವವರದ್ದೂ ತುಂಬುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಥರ್ಮೊಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ಕೂಲೆಂಟ್ ಹೋಗದಂತೆ ತಡೆಯುವ ಕವಾಟ. ಅದು ತೆರೆದೇ ಉಳಿದರೆ ಕೂಲೆಂಟ್ 85ರಿಂದ 95 ಡಿಗ್ರಿಗೆ ಏರುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ರೀಜನರೇಷನ್ ಶುರುವನ್ನೇ ಮಾಡುವುದಿಲ್ಲ. ಕೆಲವು ಕಾರುಗಳಲ್ಲಿ ಒಂದು ಗ್ಲೋ ಪ್ಲಗ್ (ತಣ್ಣನೆಯ ಸಿಲಿಂಡರ್‌ಗೆ ಬಿಸಿ ಕೊಡುವ ಪ್ಲಗ್) ಸತ್ತರೂ ಇದೇ ಕತೆ. ಒತ್ತಡ ಅಳೆಯುವ ಸೆನ್ಸರ್‌ನ ಪೈಪು ಬಿರಿದಿದ್ದರೂ ಅಷ್ಟೆ.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಬರುವುದು ಆಯಿಲ್‌ನಲ್ಲಿ ಬೆರೆಸಿದ ಲೋಹದ ಅಂಶಗಳಿಂದ. ಹಾಗಾಗಿ ಮ್ಯಾನುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೆ ಹಾಕಬೇಡಿ. ಯುರೋಪಿನ ವಾಹನ ತಯಾರಕರ ಸಂಘ ಎಸಿಇಎ ಕೊಟ್ಟ ಸಿ2, ಸಿ3 ಎಂಬ ಗುರುತುಗಳು ಆ ಜಾತಿಯವು.

ಹಂತ 7: ಇಂಧನದ ಕಡೆ

ಸ್ಟಾರ್ಟಿಂಗ್ ಟ್ರಬಲ್ ಇದ್ದರೆ ಮೊದಲು ಬ್ಯಾಟರಿ, ಗ್ಲೋ ಪ್ಲಗ್, ಡೀಸೆಲ್ ಫಿಲ್ಟರ್. ಫಿಲ್ಟರ್ ತಳದ ನೀರು ಬಸಿಯಿರಿ. ಡೀಸೆಲ್ಲೇ ಪಂಪ್‌ಗೆ ಗ್ರೀಸ್ ಇದ್ದ ಹಾಗೆ, ನೀರು ಸೇರಿದರೆ ತುಕ್ಕು, ಸವೆತ ಎರಡೂ ಶುರು. ತಪ್ಪಿ ಪೆಟ್ರೋಲ್ ಹಾಕಿದರೆ ಕೀ ಕೂಡ ತಿರುಗಿಸಬೇಡಿ, ಟ್ಯಾಂಕ್ ಖಾಲಿ ಮಾಡಿಸಿ.

ಇಂಜೆಕ್ಟರ್ ಮೇಲೆ ಅನುಮಾನ ಇದ್ದರೆ ರಿಟರ್ನ್ ಪೈಪುಗಳಿಗೆ ಒಂದೊಂದು ಅಳತೆ ಬಾಟಲಿ ಜೋಡಿಸಿ ಎಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ. ಸೋರಿಕೆ ಹೆಚ್ಚಾದರೆ ರೈಲ್‌ನಲ್ಲಿ ಒತ್ತಡ ನಿಲ್ಲದೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಇದಕ್ಕೂ ಪಿ0087 ಬರುತ್ತದೆ, ಪಂಪ್ ಮೇಲೆ ತಪ್ಪು ಹೊರಿಸಲಾಗುತ್ತದೆ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎಂಜಿನ್ ಓಡುವಾಗ ಗಟ್ಟಿ ಪೈಪಿನ ನಟ್ ಸಡಿಲಿಸುವ ಹಳೆ ಅಭ್ಯಾಸ ಇಲ್ಲಿ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಂಜಿನ್ ತಾನಾಗಿ ರೇಸ್ ಆದರೆ

ಅಪರೂಪ, ಆದರೆ ಗೊತ್ತಿರಬೇಕು. ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ತನ್ನದೇ ಆಯಿಲ್ ಎಳೆದು ಉರಿಸುತ್ತದೆ. ದಟ್ಟ ಹೊಗೆಯೊಂದಿಗೆ ಆರ್‌ಪಿಎಂ ಏರುತ್ತಲೇ ಹೋಗುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗೇರ್ ಆದರೆ ಗಾಡಿ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಂತುಹೋಗುವಂತೆ ಮಾಡಿ. ಆಟೊಮ್ಯಾಟಿಕ್ ಆದರೆ ಎಲ್ಲರೂ ಇಳಿದು ದೂರ ನಿಲ್ಲಿ, ಇಂಟೇಕ್ ಬಾಯಿಗೆ ಕೈ ಅಡ್ಡ ಇಡಬೇಡಿ. ರಿಪೇರಿಯ ಹೊತ್ತಿಗೆ ಇಂಟರ್‌ಕೂಲರ್‌ನಲ್ಲೂ ಪೈಪುಗಳಲ್ಲೂ ನಿಂತ ಆಯಿಲ್ ಪೂರ್ತಿ ಬಸಿದು ತೊಳೆಸಿ. ಉಳಿದರೆ ಹೊಸ ಟರ್ಬೊ ಹಾಕಿದ ಎಂಜಿನ್ ಅದನ್ನೇ ಎಳೆದು ಮತ್ತೆ ರೇಸ್ ಆಗುತ್ತದೆ.