ಪೋಸ್ಟರ್ ಮೇಲಿರೋ ಎಲೆ ಗುರುತನ್ನ ಓದೋದು ಹೇಗೆ

ಹೊಸಬರ ಸಿನಿಮಾ ಪೋಸ್ಟರ್‌ನಲ್ಲಿ ಎರಡು ಎಲೆ ಬಾಗಿ ಮಧ್ಯ ಒಂದು ಫೆಸ್ಟಿವಲ್ ಹೆಸರು ಇರತ್ತಲ್ಲ, ಅದನ್ನ ಓದೋಕೆ ಕಲೀರಿ ಪ್ಲೀಸ್. ನಿಜವಾಗ್ಲೂ ದೊಡ್ಡ ಪ್ರಶಸ್ತಿ ಗೆದ್ದ ಕನ್ನಡ ಸಿನಿಮಾನೂ ಸುಮ್ನೆ ಸರ್ಟಿಫಿಕೇಟ್ ತಗೊಂಡಿದ್ದೂ ನಮಗೆ ಒಂದೇ ಥರ ಕಾಣ್ತಿದೆ, ಅದು ನಂಗೆ ತುಂಬಾ ಬೇಜಾರು.

ಮೊದಲು ಎಲೆ ಮಧ್ಯದ ಚಿಕ್ಕ ಅಕ್ಷರ ಝೂಮ್ ಮಾಡಿ. ಅಫಿಷಿಯಲ್ ಸೆಲೆಕ್ಷನ್ ಅಂತಿದ್ರೆ ಆಯ್ಕೆ ಆಗಿದೆ ಅಷ್ಟೇ, ಗೆದ್ದಿಲ್ಲ. ವಿನ್ನರ್ ಅಂತಿದ್ರೆ ಮಾತ್ರ ಮುಂದಿನ ಪ್ರಶ್ನೆ, ಯಾವ ವಿಭಾಗದಲ್ಲಿ ಗೆದ್ದಿದ್ದು?

ಇದೇ ಮುಖ್ಯ. 2015ರಲ್ಲಿ ರಾಮ್ ರೆಡ್ಡಿ ಅವರ ತಿಥಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಫಿಲ್ಮ್ ಫೆಸ್ಟಿವಲ್‌ನಲ್ಲಿ ಗೋಲ್ಡನ್ ಲೆಪರ್ಡ್ ಅನ್ನೋ ಪ್ರಶಸ್ತಿ ಗೆಲ್ತು, ಆದ್ರೆ ಅದು ಅಲ್ಲಿನ ಮುಖ್ಯ ಸ್ಪರ್ಧೆಯ ಲೆಪರ್ಡ್ ಅಲ್ಲ, ಹೊಸ ನಿರ್ದೇಶಕರಿಗೆ ಅಂತಾನೇ ಇರೋ ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್ ವಿಭಾಗದ್ದು, ಜೊತೆಗೆ ಮೊದಲ ಸಿನಿಮಾಗೆ ಕೊಡೋ ಪ್ರಶಸ್ತಿನೂ ಬಂತು. ಇದ್ರಿಂದ ತಿಥಿ ಏನೂ ಕಮ್ಮಿ ಆಗಲ್ಲ. ಊರೋರನ್ನ ಬೈತಾ ಕೂತಿದ್ದ ಸೆಂಚುರಿ ಗೌಡ ಎದ್ದು ಪಕ್ಕಕ್ಕೆ ಹೋಗಿ ಅಲ್ಲೇ ಬಿದ್ದು ಸಾಯೋ ಆ ಶುರು ಇದ್ಯಲ್ಲ, ಆಕ್ಟಿಂಗ್ ಗೊತ್ತೇ ಇಲ್ದ ಮಂಡ್ಯ ಕಡೆಯ ಹಳ್ಳಿ ಜನ ಮಾಡಿದ್ದು ಅದು, ನಾನು ಇವತ್ತಿಗೂ ಮರೆತಿಲ್ಲ. ವಿಭಾಗ ಗೊತ್ತಿದ್ರೆ ಯಾರ ಎದುರು ಗೆದ್ರು ಅಂತ ಗೊತ್ತಾಗತ್ತೆ, ಅಷ್ಟೇ ನಾನು ಹೇಳ್ತಿರೋದು.

ಹಾಗೇ ಎಷ್ಟು ಸಿನಿಮಾ ಬಂದಿತ್ತು ಅಂತಲೂ ಹುಡುಕಿ. ಮೈಸೂರಿನ ಚಿದಾನಂದ ಎಸ್ ನಾಯಕ್ 2024ರಲ್ಲಿ ಫ್ರಾನ್ಸ್‌ನ ಕಾನ್ ಫಿಲ್ಮ್ ಫೆಸ್ಟಿವಲ್‌ನ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ತಗೊಂಡ್ರಲ್ಲ, ಅದು ಸಿನಿಮಾ ಸ್ಕೂಲ್ ವಿದ್ಯಾರ್ಥಿಗಳ ವಿಭಾಗ, 2,263 ಸಿನಿಮಾ ಬಂದಿದ್ವು, ಸ್ಪರ್ಧೆಗೆ ತಗೊಂಡಿದ್ದು 18. ಒಬ್ಬ ಅಜ್ಜಿ ಊರಿನ ಹುಂಜ ಕದ್ದು ಬೆಳಕೇ ಹರಿಯದ ಹಾಗಾಗೋ ನಮ್ಮ ಜನಪದ ಕತೆ, 16 ನಿಮಿಷದ್ದು, ಅಷ್ಟು ಸಿನಿಮಾಗಳ ಮಧ್ಯೆ ಮೊದಲು ಬಂತು ಅಂದ್ರೆ ಯೋಚ್ನೆ ಮಾಡಿ.

ಜ್ಯೂರಿ ಕೊಟ್ಟಿದ್ದಾ, ಪ್ರೇಕ್ಷಕರ ವೋಟಾ ಅಂತಾನೂ ನೋಡಿ. ಜನ ದುಡ್ಡು ಹಾಕಿ ಮಾಡಿದ ಲೂಸಿಯಾಗೆ 2013ರಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಬಂದಿದ್ದು ಪ್ರೇಕ್ಷಕರ ಪ್ರಶಸ್ತಿ. ಎರಡಕ್ಕೂ ಬೆಲೆ ಇದೆ, ಬೇರೆ ಬೇರೆ ಬೆಲೆ.

ಇನ್ನು ಎಚ್ಚರ ಇರ್ಬೇಕಾದ ಜಾಗ. ತಿಂಗಳು ತಿಂಗಳು ಆನ್‌ಲೈನ್‌ನಲ್ಲೇ ನಡೆಯೋ ಫೆಸ್ಟಿವಲ್‌ಗಳಿವೆ. ನನ್ನ ಫ್ರೆಂಡ್ ಒಬ್ಬ ಶಾರ್ಟ್ ಫಿಲ್ಮ್ ಮಾಡಿ ಅಂಥದ್ದೊಂದಕ್ಕೆ ಎಂಟ್ರಿ ಫೀ ಕಟ್ಟಿದ, ಬೆಸ್ಟ್ ಡೈರೆಕ್ಟರ್ ಅಂತ ಮೇಲ್ ಬಂತು, ಟ್ರೋಫಿ ಬೇಕಂದ್ರೆ ಮತ್ತೆ ದುಡ್ಡು ಕಟ್ಟಿ ಅಂದ್ರು, ಸಿನಿಮಾನ ಒಂದು ಸ್ಕ್ರೀನ್ ಮೇಲೂ ಹಾಕಿರ್ಲಿಲ್ಲ. ಪಾಪ ಅವನ ಮುಖ ನೋಡೋಕಾಗ್ಲಿಲ್ಲ. ಅದಕ್ಕೆ ಮೂರು ವಿಷಯ ಚೆಕ್ ಮಾಡಿ, ಜ್ಯೂರಿ ಹೆಸರು ಹಾಕಿದಾರಾ, ಥಿಯೇಟರ್‌ನಲ್ಲಿ ತೋರಿಸಿದಾರಾ, ಒಂದೇ ಸಲ ನೂರಾರು ಜನಕ್ಕೆ ಪ್ರಶಸ್ತಿ ಹಂಚಿದಾರಾ. ನೀವೇ ಸಿನಿಮಾ ಮಾಡೋರಾದ್ರೆ ಫೀ ಕಟ್ಟೋಕೆ ಮುಂಚೆನೇ ನೋಡ್ಕೊಳ್ಳಿ.

ನಿಜವಾದ ಪ್ರಶಸ್ತಿ ಅಂತ ಖಾತ್ರಿ ಆದ್ಮೇಲೆ ಆ ಹೆಸರನ್ನ ಫೋನ್‌ನಲ್ಲಿ ಬರೆದಿಟ್ಕೊಳ್ಳಿ, ಯಾಕಂದ್ರೆ ಸುದ್ದಿ ಬಂದು ಎಷ್ಟೋ ದಿನ ಆದ್ಮೇಲೆ ಸಿನಿಮಾ ಬರತ್ತೆ, ಅಷ್ಟರಲ್ಲಿ ನಾವು ಮರೆತಿರ್ತೀವಿ. ಜೈಶಂಕರ್ ಆರ್ಯರ್ ಅವರ ಶಿವಮ್ಮ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಫೆಸ್ಟಿವಲ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆಲ್ತು, ಏಷ್ಯಾದ ಹೊಸ ನಿರ್ದೇಶಕರಿಗೆ ಕೊಡೋದದು, ನಮ್ಮ ಥಿಯೇಟರ್‌ಗೆ ಬಂದಿದ್ದು 2024ರ ಜೂನ್‌ಗೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಬಿಸಿಯೂಟದ ಅಡುಗೆ ಮಾಡೋ ಹೆಂಗಸು ಮನೆ ಕಷ್ಟ ನೀಗತ್ತೆ ಅಂತ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಬೀಳ್ತಾಳೆ, ನಮ್ಮೂರಲ್ಲಿ ಇಂಥವರು ಯಾರಿಲ್ಲ ಹೇಳಿ!

ಹೆಸರು ಬರೆದಿಟ್ಕೊಂಡ್ಮೇಲೆ ಬೆಂಗಳೂರು ಫಿಲ್ಮ್ ಫೆಸ್ಟಿವಲ್‌ನ ಪಟ್ಟಿಯಲ್ಲಿ ಹುಡುಕಿ, ಪಾಸ್ ಮಾಡಿಸ್ಕೊಂಡು ಸ್ವಲ್ಪ ಬೇಗನೇ ಹೋಗಿ ಕ್ಯೂ ನಿಲ್ಲಿ. ಥಿಯೇಟರ್‌ಗೆ ಬಂದ್ರೆ ಶುಕ್ರವಾರ ಶನಿವಾರನೇ ಹೋಗ್ಬಿಡಿ, ಓಟಿಟಿಗೆ ಬರ್ಲಿ ಅಂತ ಕಾಯ್ಬೇಡಿ, ಇಂಥ ಸಿನಿಮಾಗೆ ಸಿಗೋದೇ ಒಂದೋ ಎರಡೋ ಶೋ, ಸೀಟು ಖಾಲಿ ಇದ್ರೆ ಸೋಮವಾರದಷ್ಟೊತ್ತಿಗೆ ಅದೂ ಇರಲ್ಲ.